ಅಪ್ಪ ಮಿಲಿಟರಿಯಲ್ಲಿದ್ದರು, ನನಗೆ ಕೋಟಾ ಇದೆಯಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮಾಜಿ ಸೈನಿಕರಿಗೂ ಅವರ ಮನೆಯವರಿಗೂ ಸರ್ಕಾರಿ ಕೆಲಸದಲ್ಲಿ ಇರುವ ಮೀಸಲಾತಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಹೊಸ ಓದುಗರಿಗೆ ನನ್ನ ಬಗ್ಗೆ ಎರಡು ಮಾತು. ನಮ್ಮದು ಅರಕಲಗೂಡು ಕಡೆಯ ಹಳ್ಳಿ. ನಮ್ಮ ಯಜಮಾನರು ಸೇನೆಯಲ್ಲಿ ನಾಯಕ್ ಆಗಿದ್ದರು. 2000ದಲ್ಲಿ ರಜೌರಿ ಕಡೆ ಕಾರ್ಯಾಚರಣೆಯಲ್ಲಿ ತೀರಿಕೊಂಡರು. ಆಗ ಮಗಳಿಗೆ ಮೂರು ವರ್ಷ. ಮುಂದೆ ಇದೇ ಮೀಸಲಾತಿಯಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿಯಾಗಿ ಕೆಲಸಕ್ಕೆ ಸೇರಿದೆ. ಇಪ್ಪತ್ತು ವರ್ಷ ಫೈಲು ನೋಡಿದ ಮೇಲೆ ಸ್ವಯಂ ನಿವೃತ್ತಿ ತಗೊಂಡೆ. ನಾನಿಲ್ಲಿ ಬರೆಯುವುದರಲ್ಲಿ ಅರ್ಧ ನಿಯಮ, ಅರ್ಧ ಅಲೆದು ಕಲಿತದ್ದು.

ನಮ್ಮ ತಂದೆ 24 ವರ್ಷ ಸೇವೆ ಮಾಡಿ ಹವಾಲ್ದಾರ್ ಆಗಿ ಪೆನ್ಶನ್ ಬಂದಿದ್ದಾರೆ. ಆರೋಗ್ಯವಾಗಿದ್ದಾರೆ. ನಾನು ಬಿ.ಕಾಂ. ಮುಗಿಸಿದ್ದೇನೆ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಅರ್ಜಿಯಲ್ಲಿ ‘ಮಾಜಿ ಸೈನಿಕ’ ಅನ್ನುವ ಕಡೆ ‘ಹೌದು’ ಅಂತ ಹಾಕಬಹುದಾ? ಸೈಬರ್ ಸೆಂಟರಿನವರು ಹಾಕಿ, ಏನೂ ಆಗಲ್ಲ ಅಂತಾರೆ.
— ಗೋಕಾಕದ ಓದುಗ

ಹಾಕಬೇಡಪ್ಪ. ಸೈಬರ್ ಸೆಂಟರಿನವರಿಗೆ ಏನೂ ಆಗಲ್ಲ, ನಿಜ. ಆಗುವುದು ನಿನಗೆ.

ನಮ್ಮ ರಾಜ್ಯದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ 10 ಮೀಸಲಾತಿ ಇದೆ. 1977ರ ಸಾಮಾನ್ಯ ನೇಮಕಾತಿ ನಿಯಮಗಳಿಂದ ಬಂದದ್ದು. ಅದು ಮೊದಲು ಸೇವೆ ಮಾಡಿದವರದ್ದು, ಅಂದರೆ ನಿನ್ನ ತಂದೆಯದ್ದು. ಅವರ ಬದಲಿಗೆ ಹೆಂಡತಿ ಮಕ್ಕಳಿಗೆ ಸಿಗುವುದು ಸೈನಿಕ ಸೇವೆಯಲ್ಲಿ ಪ್ರಾಣ ಕೊಟ್ಟಿದ್ದರೆ, ಇಲ್ಲವೇ ಶಾಶ್ವತವಾಗಿ ಅಂಗವಿಕಲರಾಗಿದ್ದರೆ. ತಂದೆ ಗಟ್ಟಿಮುಟ್ಟಾಗಿ ಮನೆಗೆ ಬಂದಿದ್ದಾರೆ ಅಂದರೆ ಆ ಕಾಲಂ ನಿನಗಲ್ಲ. ಇದನ್ನು ಓದಿ ಬೇಜಾರಾಗಬೇಡ. ಅಪ್ಪ ಮನೆಯಲ್ಲಿ ಕೂತು ಟೀ ಕುಡಿಯುತ್ತಿದ್ದಾರಲ್ಲ, ಅದಕ್ಕೆ ಸಮನಾದ ಕೋಟಾ ಯಾವ ಸರ್ಕಾರವೂ ಕೊಡಲ್ಲ.

ನಾನು ಕೆಲಸದಲ್ಲಿದ್ದಾಗ ಒಮ್ಮೆ ದಾಖಲೆ ಪರಿಶೀಲನೆಯ ಮೇಜಿಗೆ ಕೂರಿಸಿದ್ದರು. ಒಬ್ಬ ಹುಡುಗ ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹೊಸ ಪ್ಲಾಸ್ಟಿಕ್ ಫೈಲು. ಒಳ್ಳೆಯ ಅಂಕ. ಅಪ್ಪನ ಡಿಸ್ಚಾರ್ಜ್ ಬುಕ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ನೋಡಿದರೆ ಅಪ್ಪ ಪೂರ್ತಿ ಸೇವೆ ಮುಗಿಸಿ ಬಂದವರು. ಸೈನಿಕ ಕಲ್ಯಾಣ ಕಚೇರಿಯವರು ಕೊಡುವ ಅವಲಂಬಿತರ ಗುರುತಿನ ಚೀಟಿ ಎಲ್ಲಿ ಅಂತ ಕೇಳಿದೆವು. ಇದೇ ಅಲ್ವಾ ಮೇಡಂ ಅಂದ. ಅವನ ಮುಖ ಈಗಲೂ ನೆನಪಿದೆ. ಅವನು ಸುಳ್ಳು ಹೇಳಿರಲಿಲ್ಲ. ಯಾರೋ ಹೇಳಿದ್ದನ್ನು ನಂಬಿದ್ದ, ಅಷ್ಟೆ.

ನಿನಗೆ ಸಿಗಬೇಕಾದದ್ದು ಬೇರೆ ಕಡೆ ಇತ್ತು. ವೃತ್ತಿಪರ ಕೋರ್ಸಿನ ಸಿಇಟಿ ಸೀಟುಗಳಲ್ಲಿ ಮಾಜಿ ಸೈನಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಪ್ರಧಾನಮಂತ್ರಿ ವಿದ್ಯಾರ್ಥಿ ವೇತನದಲ್ಲಿ ಗಂಡುಮಕ್ಕಳಿಗೆ ತಿಂಗಳಿಗೆ 2,500, ಹೆಣ್ಣುಮಕ್ಕಳಿಗೆ 3,000 ರೂಪಾಯಿ ಬರುತ್ತದೆ, ಅದೂ ವೃತ್ತಿಪರ ಕೋರ್ಸಿಗೆ. ನಿನಗೆ ತಮ್ಮನೋ ತಂಗಿಯೋ ಇದ್ದರೆ ಪಿಯುಸಿ ಮುಗಿಯುವ ಮೊದಲೇ ಅಪ್ಪನನ್ನು ಕರೆದುಕೊಂಡು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗು. ನೀನು ನಿನ್ನ ಜಾತಿವಾರು ಮೀಸಲಾತಿ, ಗ್ರಾಮೀಣ, ಕನ್ನಡ ಮಾಧ್ಯಮ, ಇವುಗಳಲ್ಲಿ ಯಾವುದಿದೆಯೋ ಅದರಲ್ಲಿ ಅರ್ಜಿ ಹಾಕು.

ಅಕ್ಕ, ನನ್ನ ತಂದೆ ಸೇವೆಯಲ್ಲಿದ್ದಾಗ ಉಗ್ರರ ಜೊತೆ ನಡೆದ ಕಾಳಗದಲ್ಲಿ ಹೋದರು. ನನಗಾಗ ಆರು ವರ್ಷ. ಈಗ ಎಂ.ಎಸ್ಸಿ. ಆಗಿದೆ, ಹೋದ ವರ್ಷ ಮದುವೆಯೂ ಆಯಿತು. ಉಪನ್ಯಾಸಕಿ ಹುದ್ದೆಗೆ ಅರ್ಜಿ ಹಾಕಲು ಅವಲಂಬಿತರ ಗುರುತಿನ ಚೀಟಿ ಬೇಕು. ಸೈನಿಕ ಕಲ್ಯಾಣ ಕಚೇರಿಯಲ್ಲಿ ‘ಮದುವೆ ಆಗಿದೆಯಲ್ಲ, ಬರಲ್ಲ’ ಅಂದುಬಿಟ್ಟರು. ಮದುವೆ ಆದಮೇಲೆ ಅಪ್ಪನ ಮಗಳಲ್ಲವಾ ನಾನು?
— ಹೆಸರು ಬೇಡ, ಧಾರವಾಡ ಜಿಲ್ಲೆ

ಮಗಳೇ. ಹಾಗಂತ ಕರ್ನಾಟಕ ಹೈಕೋರ್ಟೇ ಹೇಳಿದೆ ತಾಯಿ.

ಪಾಕಿಸ್ತಾನದ ಗಡಿಗೆ ಸೇನೆ ಜಮಾಯಿಸಿದ್ದ ಆಪರೇಷನ್ ಪರಾಕ್ರಮದ ಸಮಯದಲ್ಲಿ ಅಲ್ಲಿ ಹೂತಿಟ್ಟ ಮೈನುಗಳನ್ನು ತೆಗೆಯುವಾಗ ಮದ್ರಾಸ್ ಎಂಜಿನಿಯರ್ ಗ್ರೂಪಿನ ಒಬ್ಬ ಸುಬೇದಾರರು ತೀರಿಕೊಂಡಿದ್ದರು. ಅವರ ಮಗಳು ಬೆಳೆದು, ಓದಿ, ಮದುವೆಯಾಗಿ, ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಶೇ 10ರ ಮೀಸಲಾತಿಯಲ್ಲಿ ಅರ್ಜಿ ಹಾಕಲು ಹೊರಟರು. ನಿನಗೆ ಹೇಳಿದ ಮಾತನ್ನೇ ಅವರಿಗೂ ಹೇಳಿದರು. ಅವರು ಸುಮ್ನೆ ಕೂರಲಿಲ್ಲ, ಕೋರ್ಟಿಗೆ ಹೋದರು. 2023ರ ಜನವರಿಯಲ್ಲಿ ತೀರ್ಪು ಬಂತು. ಮದುವೆಯಾದ ಹೆಣ್ಣುಮಕ್ಕಳಿಗೆ ಚೀಟಿ ಇಲ್ಲ ಅನ್ನುವ ಮಾರ್ಗಸೂಚಿಯ ಆ ಭಾಗವನ್ನು ನ್ಯಾಯಾಲಯ ಹೊಡೆದುಹಾಕಿತು. ಮದುವೆಯಾದ ಮಗ ಮಗನಾಗಿಯೇ ಉಳಿಯುತ್ತಾನೆ ಅಂದಮೇಲೆ ಮಗಳು ಮಾತ್ರ ಹೇಗೆ ಹೊರಗಿನವಳಾಗುತ್ತಾಳೆ ಅನ್ನುವುದು ಅದರ ತಿರುಳು. ಇಂಗ್ಲಿಷಿನ ‘ಎಕ್ಸ್ ಸರ್ವಿಸ್‌ಮನ್’ ಪದದಲ್ಲಿ ‘ಮನ್’ ಅಂದರೆ ಗಂಡಸು ಮಾತ್ರ ಆಗುತ್ತದೆ, ಅದನ್ನು ‘ಪರ್ಸನೆಲ್’ ಅಂತ ಬದಲಿಸಬೇಕು ಅಂತಲೂ ಅದೇ ತೀರ್ಪಿನಲ್ಲಿದೆ.

ಆ ಸುದ್ದಿ ಪೇಪರಿನಲ್ಲಿ ಬಂದ ದಿನ ನಾನು ಕತ್ತರಿಸಿ ಇಟ್ಟುಕೊಂಡೆ. ನನ್ನ ಮಗಳ ಮದುವೆ ಮಾತುಕತೆ ನಡೆಯುತ್ತಿದ್ದ ಕಾಲ ಅದು. ಚೀಟಿ ಹೋಗುತ್ತದೆ, ಒಂದು ವರ್ಷ ತಡೆಯೋಣ ಅಂತ ಅವಳೇ ಹೇಳುತ್ತಿದ್ದಳು. ಅಪ್ಪನ ಹೆಸರು ಉಳಿಸಿಕೊಳ್ಳಲು ಮದುವೆ ಮುಂದೂಡಬೇಕಾದ ಪರಿಸ್ಥಿತಿ ಯಾವ ಮನೆಗೂ ಬರಬಾರದು.

ನೀನು ಈಗ ಮಾಡಬೇಕಾದದ್ದು ಇಷ್ಟು. ಬಾಯಿಮಾತಿನಲ್ಲಿ ಕೇಳಬೇಡ. ಬರೆದು ಅರ್ಜಿ ಕೊಡು. ತೀರ್ಪಿನ ಪ್ರತಿ ಹೈಕೋರ್ಟಿನ ಜಾಲತಾಣದಲ್ಲಿ ಸಿಗುತ್ತದೆ, ಪ್ರಿಂಟ್ ಹಾಕಿಸಿ ಲಗತ್ತಿಸು. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಹೊರಗೆ ಬಾ. ‘ಬರಲ್ಲ’ ಅಂದರೆ ಅದನ್ನೂ ಬರವಣಿಗೆಯಲ್ಲಿ ಕೊಡಿ ಅಂತ ಕೇಳು. ಬರೆದುಕೊಡಲು ಕೂತಾಗ ಎಷ್ಟೋ ಜನ ನಿಯಮ ತೆಗೆದು ಓದುತ್ತಾರೆ. ನನ್ನ ಅನುಭವ ಇದು. ಆದರೂ ಆಗದಿದ್ದರೆ ಬೆಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿರ್ದೇಶಕರಿಗೆ ಬರೆ. ಅರ್ಜಿಯ ಕೊನೆ ದಿನ ಹತ್ತಿರ ಬಂದಾಗ ಓಡಬೇಡ, ಈ ವಾರವೇ ಹೋಗು.

ವಯಸ್ಸು 41. ಸೈನ್ಯದಲ್ಲಿ 17 ವರ್ಷ ಸೇವೆ. ಓದಿದ್ದು ಎಸ್ಸೆಸ್ಸೆಲ್ಸಿ. ಈಗ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸ. ನಮ್ಮಂಥವರಿಗೆ ವಯಸ್ಸು ಮೀರಿಹೋಯಿತು ಅಂತ ಎಲ್ಲರೂ ಹೇಳ್ತಾರೆ.
— ಮಾಜಿ ಸಿಪಾಯಿ, ಸೋಮವಾರಪೇಟೆ

ಮೀರಿಲ್ಲ ಅಣ್ಣ. ಲೆಕ್ಕ ಹಾಕೋಣ ಬನ್ನಿ.

ಕೇಂದ್ರದ ಗ್ರೂಪ್ ಸಿ, ಅಂದರೆ ಗುಮಾಸ್ತರಂಥ ಹುದ್ದೆಗೆ ನಿಮ್ಮ ವಯಸ್ಸಿನಿಂದ ಸೇವೆಯ ವರ್ಷ ಕಳೆಯುತ್ತಾರೆ. 41ರಲ್ಲಿ 17 ಹೋದರೆ 24. ಇದು ಹುದ್ದೆಯ ವಯೋಮಿತಿಗಿಂತ 3 ವರ್ಷದ ಮೇಲೆ ಹೋಗಬಾರದು, ಅಷ್ಟೇ. ಮಿತಿ 27 ಇದ್ದರೆ 30ರವರೆಗೆ ನಡೆಯುತ್ತದೆ, ನೀವು 24. ರಾಜ್ಯದ ಲೆಕ್ಕವೂ ಹೀಗೇ. ಅಧಿಸೂಚನೆಯಲ್ಲಿ ಗರಿಷ್ಠ ವಯಸ್ಸು 35 ಅಂತಿದ್ದರೆ, ಅದಕ್ಕೆ ನಿಮ್ಮ 17 ಸೇರಿಸಿ, ಮತ್ತೆ 3 ಸೇರಿಸಿ. 55. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯಲ್ಲಿ ಮಾತ್ರ ಏನೇ ಲೆಕ್ಕ ಹಾಕಿದರೂ 50 ದಾಟುವಂತಿಲ್ಲ.

ಎಸ್ಸೆಸ್ಸೆಲ್ಸಿ ಅಂತ ಕೈಚೆಲ್ಲಬೇಡಿ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದವರನ್ನು ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗೆ ಪದವೀಧರರ ಸಮಕ್ಕೆ ಪರಿಗಣಿಸುತ್ತಾರೆ. ತಾಂತ್ರಿಕ ಓದು ಬೇಕೇ ಬೇಕು ಅನ್ನುವ ಹುದ್ದೆಗೆ ಇದು ಅನ್ವಯಿಸಲ್ಲ. ರಾಜ್ಯದ ಹುದ್ದೆಗೆ ಹಾಕುವಾಗ ಅಧಿಸೂಚನೆಯಲ್ಲಿ ಆ ಮಾತು ಇದೆಯಾ ಅಂತ ನೋಡಿಯೇ ಹಾಕಿ.

ಎಷ್ಟು ಹುದ್ದೆ ಅಂದರೆ, ಕೇಂದ್ರದ ಇಲಾಖೆಗಳ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10. ಸರ್ಕಾರಿ ಬ್ಯಾಂಕು, ಸಾರ್ವಜನಿಕ ಉದ್ದಿಮೆಗಳ ಗ್ರೂಪ್ ಸಿಯಲ್ಲಿ ಶೇ 14.5, ಡಿ ದರ್ಜೆಯಲ್ಲಿ ಶೇ 24.5. ಈ ಎರಡರ ಒಳಗೇ ಶೇ 4.5 ಅಂಗವಿಕಲ ಮಾಜಿ ಸೈನಿಕರಿಗೆ ಮತ್ತು ಯುದ್ಧದಲ್ಲಿ ಮಡಿದವರ ಮನೆಯವರಿಗೆ. ಹಾಸು ಹೊಕ್ಕು ಗೊತ್ತಲ್ಲ? ಜಾತಿವಾರು ಮೀಸಲಾತಿ ಹಾಸು, ಮಾಜಿ ಸೈನಿಕರದ್ದು ಹೊಕ್ಕು. ಎಲ್ಲ ವರ್ಗದ ಅಡ್ಡಕ್ಕೂ ಹಾದುಹೋಗುತ್ತದೆ. ಇದಕ್ಕೆ ಸಮತಳ ಮೀಸಲಾತಿ ಅಂತಾರೆ. ಹಾಗಾಗಿ ನಿಮ್ಮ ಸ್ಪರ್ಧೆ ನಿಮ್ಮದೇ ವರ್ಗದ ಮಾಜಿ ಸೈನಿಕರ ಜೊತೆ.

ನನಗೆ ಹೊಟ್ಟೆ ಉರಿಯುವುದು ಇಲ್ಲಿಯೇ. ಈ ಹುದ್ದೆಗಳು ಎಷ್ಟೋ ಸಲ ತುಂಬುವುದೇ ಇಲ್ಲ. ಕೇಂದ್ರದಲ್ಲಿ ಮಾಜಿ ಸೈನಿಕ ಸಿಗದಿದ್ದರೆ ಆ ಸ್ಥಾನ ಮುಂದಿನ ವರ್ಷಕ್ಕೆ ಉಳಿಯಲ್ಲ, ಬೇರೆಯವರಿಗೆ ಹೋಗುತ್ತದೆ. ವರ್ಷಕ್ಕೆ ಸುಮಾರು 60 ಸಾವಿರ ಜನ ಸೇನೆಯಿಂದ ಹೊರಗೆ ಬರುತ್ತಾರೆ. ಬಹಳಷ್ಟು ಜನ ನಲವತ್ತರ ಆಸುಪಾಸಿನವರು. ಮಕ್ಕಳು ಹೈಸ್ಕೂಲಿನಲ್ಲಿ, ಮನೆ ಸಾಲ ಅರ್ಧದಲ್ಲಿ. ಒಂದು ಕಡೆ ಖಾಲಿ ಕುರ್ಚಿ, ಇನ್ನೊಂದು ಕಡೆ ರಾತ್ರಿಯೆಲ್ಲ ಗೇಟಿನಲ್ಲಿ ನಿಂತ ನಿಮ್ಮಂಥವರು.

ನಡುವೆ ಇರುವುದು ಪರೀಕ್ಷೆ. ಅದನ್ನು ಬರೆಯಲೇಬೇಕು, ಕನಿಷ್ಠ ಅಂಕ ತೆಗೆಯಲೇಬೇಕು. ಕೆಪಿಎಸ್ಸಿ ಗ್ರೂಪ್ ಸಿ ಹುದ್ದೆಗೆ ಕಡ್ಡಾಯ ಕನ್ನಡ ಪತ್ರಿಕೆ ಇರುತ್ತದೆ. 150ಕ್ಕೆ 50 ಬರಲೇಬೇಕು. ಇಲ್ಲದಿದ್ದರೆ ಉಳಿದ ಪತ್ರಿಕೆ ನೋಡುವುದೇ ಇಲ್ಲ. 17 ವರ್ಷ ಹಿಂದಿ ಮಾತಾಡಿದ ನಾಲಿಗೆ, ಕನ್ನಡ ಬರೆಯದ ಕೈ. ಒತ್ತಕ್ಷರ ಮರೆತಿರುತ್ತದೆ. ಸೆಕ್ಯುರಿಟಿ ಕ್ಯಾಬಿನ್ನಿನಲ್ಲಿ ಕೂತಾಗ ದಿನಾ ಒಂದು ಪುಟ ಪೇಪರ್ ನೋಡಿ ಬರೆಯಿರಿ. ಮಕ್ಕಳ ಕೈಲಿ ತಿದ್ದಿಸಿ. ನಾಚಿಕೆ ಬೇಡ.

ಪೆನ್ಶನ್ ಹೋಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. ಹೋಗಲ್ಲ. ಅಧಿಕಾರಿ ದರ್ಜೆಗಿಂತ ಕೆಳಗಿದ್ದು 55ಕ್ಕೆ ಮೊದಲೇ ನಿವೃತ್ತರಾದವರು ಕೇಂದ್ರದ ಹುದ್ದೆಗೆ ಸೇರಿದರೆ, ಸಂಬಳ ನಿಗದಿ ಮಾಡುವಾಗ ಪೆನ್ಶನ್ನನ್ನು ಲೆಕ್ಕಕ್ಕೇ ತಗೊಳ್ಳಲ್ಲ.

ನಾನು ಬಿಎಸ್‌ಎಫ್‌ನಲ್ಲಿ 20 ವರ್ಷ ಇದ್ದೆ. ನಾನೂ ಮಾಜಿ ಸೈನಿಕ ಅಲ್ವಾ?
— ಬಾಗಲಕೋಟೆಯಿಂದ

ನೀವು ಕಾದದ್ದೂ ಅದೇ ಗಡಿ. ಆದರೆ ಕಾಗದದ ಮೇಲೆ ಅಲ್ಲ. ಮಾಜಿ ಸೈನಿಕ ಅಂದರೆ ಭೂಸೇನೆ, ನೌಕಾಪಡೆ, ವಾಯುಪಡೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಿಂದ ಬಂದವರಿಗೆ 2012ರಲ್ಲಿ ‘ಮಾಜಿ ಕೇಂದ್ರ ಸಶಸ್ತ್ರ ಪೊಲೀಸ್ ಪಡೆ ಸಿಬ್ಬಂದಿ’ ಅನ್ನುವ ಬೇರೆ ಗುರುತು ಕೊಟ್ಟರು. ಅದರಿಂದ ಈ ಮೀಸಲಾತಿ ಸಿಗುವುದಿಲ್ಲ. ನನಗೆ ಇದು ಸರಿ ಅಂತ ಅನಿಸಿಲ್ಲ. ಆದರೂ ಅರ್ಜಿಯಲ್ಲಿ ತಪ್ಪಾಗಿ ತುಂಬಬೇಡಿ.

ಮಗ ಅಗ್ನಿವೀರ. ನಾಲ್ಕು ವರ್ಷ ಮುಗಿಸಿ ಬಂದರೆ ಅವನಿಗೆ ಮಾಜಿ ಸೈನಿಕರ ಕೋಟಾ ಇರುತ್ತದಾ?
— ಒಬ್ಬ ತಾಯಿ, ಗದಗ

ಇಲ್ಲಮ್ಮ. 2022ರಲ್ಲಿ ಬಂದ ಈ ಅಗ್ನಿಪಥ ಯೋಜನೆಯಲ್ಲಿ ನೂರಕ್ಕೆ 25 ಜನರವರೆಗೆ ಸೇನೆಯಲ್ಲೇ ಮುಂದುವರಿಯುತ್ತಾರೆ. ಉಳಿದವರು ಸೇವಾನಿಧಿ ಅನ್ನುವ ಇಡಿಗಂಟು, ಸುಮಾರು 11.71 ಲಕ್ಷ ರೂಪಾಯಿ ತಗೊಂಡು ಬರುತ್ತಾರೆ. ಪೆನ್ಶನ್ ಇಲ್ಲ, ಮಾಜಿ ಸೈನಿಕ ಅನ್ನುವ ಗುರುತೂ ಇಲ್ಲ. ಅವರಿಗೆ ಅಂತ ಕೇಂದ್ರ ಸರ್ಕಾರ ಬೇರೆಯೇ ದಾರಿ ಮಾಡಿತು. ಆ ವರ್ಷವೇ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ, ಅಸ್ಸಾಂ ರೈಫಲ್ಸ್‌ನಲ್ಲಿ ಶೇ 10 ಅಂತ ಘೋಷಿಸಿತು. ವಯಸ್ಸಿನಲ್ಲಿ 3 ವರ್ಷ ಸಡಿಲಿಕೆ, ಮೊದಲ ತಂಡಕ್ಕೆ 5 ವರ್ಷ. ಆಮೇಲೆ ಆದೇಶಗಳು ಬರುತ್ತಲೇ ಇವೆ. ಹಾಗಾಗಿ ಮಗ ಬಿಡುಗಡೆಯಾಗುವ ವರ್ಷದ ಅಧಿಸೂಚನೆಯನ್ನೇ ನಂಬಿ.

ರಜೆಗೆ ಬಂದಾಗ ಮಗನಿಗೆ ಒಂದು ಮಾತು ಹೇಳಿ. ದುಡ್ಡು ಕೈಗೆ ಬಂದ ತಕ್ಷಣ ಕಾರು ಬೇಡ. ಮೊದಲು ಡಿಗ್ರಿ.

ಪೆನ್ಶನ್ ಬಂದಮೇಲೆ ಮೂರು ಕಡೆ ಅರ್ಜಿ ಹಾಕಿದ್ದೆ. ಮೊದಲು ಸಿಕ್ಕಿದ್ದು ಕೇಂದ್ರದ ಎಂಟಿಎಸ್ (ಬಹುಕಾರ್ಯ ಸಿಬ್ಬಂದಿ) ಕೆಲಸ, ಸೇರಿಕೊಂಡೆ. ಈಗ ಬ್ಯಾಂಕಿನಲ್ಲೂ ಆಯ್ಕೆ ಆಗಿದ್ದೇನೆ. ಕೋಟಾ ಒಂದೇ ಸಲ ಅಂತಾರಲ್ಲ?
— ಹಾಸನದಿಂದ

ಒಂದು ಸಿವಿಲ್ ಕೆಲಸಕ್ಕೆ ಸೇರಿದ ದಿನ ಮೀಸಲಾತಿಯ ಹಕ್ಕು ಮುಗಿಯುತ್ತದೆ, ನಿಜ. ಆದರೆ 2014ರ ಆಗಸ್ಟಿನಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಒಂದು ಆದೇಶ ಹೊರಡಿಸಿದೆ. ಮೊದಲ ಕೆಲಸಕ್ಕೆ ಸೇರುವ ಮುಂಚೆಯೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಅವುಗಳಲ್ಲೂ ಲಾಭ ಉಂಟು. ಷರತ್ತು ಒಂದೇ. ಸೇರುವಾಗಲೇ ‘ಇಂತಿಂಥ ದಿನ, ಇಂತಿಂಥ ಹುದ್ದೆಗೆ ಅರ್ಜಿ ಹಾಕಿದ್ದೇನೆ’ ಅಂತ ದಿನಾಂಕ ಸಮೇತ ಬರೆದು ಆ ಕಚೇರಿಗೆ ಕೊಟ್ಟಿರಬೇಕು. ನೀವು ಕೊಟ್ಟಿದ್ದೀರಾ? ಕೊಟ್ಟಿದ್ದರೆ ಅದರ ಸ್ವೀಕೃತಿ ಹುಡುಕಿ ತೆಗೆಯಿರಿ. ಈಗ ಸೇರುವ ಸಾಲಿನಲ್ಲಿ ನಿಂತವರು ಯಾರಾದರೂ ಓದುತ್ತಿದ್ದರೆ, ಆ ಹಾಳೆ ಕೊಡದೆ ಹಾಜರಾತಿಗೆ ಸಹಿ ಹಾಕಬೇಡಿ.

ಮೇಡಂ, ನಮ್ಮೆಜಮಾನ್ರು ಕಾಶ್ಮೀರದಲ್ಲಿ ಹೋಗಿ ಒಂದೂವರೆ ವರ್ಷ ಆಯಿತು. ನಾನು ಪಿಯುಸಿ ಓದಿದ್ದೇನೆ. ಅವರ ಕಾಗದದಲ್ಲಿ ನನ್ನ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದೆ. ಊರಿನವರು ಅದೇನು ದೊಡ್ಡದಲ್ಲ ಅಂತಾರೆ.
— ಚನ್ನರಾಯಪಟ್ಟಣ ತಾಲ್ಲೂಕು

ದೊಡ್ಡದು ಕಣಮ್ಮ. ನನ್ನ ಹನ್ನೊಂದು ತಿಂಗಳು ತಿಂದದ್ದು ಇದೇ.

ನಮ್ಮ ಯಜಮಾನರ ಟ್ರಂಕು ಪಲ್ಟನ್‌ನಿಂದ ಮನೆಗೆ ಬಂತು. ಕಪ್ಪು ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ರ‍್ಯಾಂಕು, ಹೆಸರು. ಆರು ತಿಂಗಳು ಅದನ್ನು ತೆಗೆಯಲು ನನ್ನ ಕೈಲಾಗಲಿಲ್ಲ. ಕೊನೆಗೆ ನಮ್ಮತ್ತೆಯೇ ಬೀಗ ತೆಗೆದರು. ಮೇಲೆ ಮಡಿಸಿಟ್ಟ ಸ್ವೆಟರು, ಕೆಳಗೆ ಶೂ ಪಾಲಿಶ್ ಡಬ್ಬಿ, ತಳದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ. ಅದರಲ್ಲಿ ನನ್ನ ಹೆಸರು ಬೇರೆಯೇ ಇತ್ತು. ನಮ್ಮ ಮನೆಯಲ್ಲಿ ಕರೆಯುವ ಹೆಸರನ್ನೇ ಅವರು ಮದುವೆಯಾದ ಹೊಸದರಲ್ಲಿ ಬರೆಸಿದ್ದರು. ಪ್ರೀತಿಯಿಂದ ಬರೆಸಿದ್ದು. ಆದರೆ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಹೆಸರಿಲ್ಲ. ಒಂದು ಕಚೇರಿಯಲ್ಲಿ ಗುಮಾಸ್ತರೊಬ್ಬರು ಎರಡೂ ಕಾಗದ ಪಕ್ಕಪಕ್ಕ ಇಟ್ಟು, ‘ಇವರ ಹೆಂಡತಿ ನೀವೇ ಅನ್ನುವುದಕ್ಕೆ ಏನು ಸಾಕ್ಷಿ?’ ಅಂತ ಕೇಳಿದರು. ಮಗಳು ನನ್ನ ಸೊಂಟದ ಮೇಲಿದ್ದಳು. ಅವಳ ಮುಖ ಅವರಪ್ಪನದೇ ಅಚ್ಚು. ಆದರೆ ಅದನ್ನು ಸಾಕ್ಷಿ ಅಂತ ಯಾರು ಬರೆದುಕೊಳ್ಳುತ್ತಾರೆ? ಆ ವರ್ಷ ಬಂದ ಒಂದು ಅಧಿಸೂಚನೆಗೆ ಅರ್ಜಿ ಹಾಕಲು ನನಗೆ ಆಗಲೇ ಇಲ್ಲ. ಮುಂದಿನದಕ್ಕೆ ಕಾಯಬೇಕಾಯಿತು.

ಸೇವೆಯಲ್ಲಿ ಇರುವವರಾದರೆ ಇದು ಸುಲಭ. ಯೂನಿಟ್ಟಿನಲ್ಲಿ ಹೇಳಿ ‘ಪಾರ್ಟ್ ಟೂ ಆರ್ಡರ್’ ಮಾಡಿಸಿದರೆ ಹೆಸರು ಸರಿಯಾಗುತ್ತದೆ. ಗಂಡಂದಿರು ಸೇವೆಯಲ್ಲಿರುವ ಹೆಣ್ಣುಮಕ್ಕಳೆಲ್ಲ ಇವತ್ತು ರಾತ್ರಿ ಫೋನು ಮಾಡಿದಾಗ ಇದನ್ನು ಕೇಳಿ: ‘ನನ್ನ ಹೆಸರು ಹೇಗೆ ಬರೆಸಿದ್ದೀರಿ? ಮಗುವಿನ ಹುಟ್ಟಿದ ದಿನ ಯಾವುದು ಬರೆಸಿದ್ದೀರಿ?’ ಅಪಶಕುನ ಅಂತ ಅಂದುಕೊಳ್ಳಬೇಡಿ. ರೇಷನ್ ಕಾರ್ಡಿಗೆ ಹೆಸರು ಸೇರಿಸಿದ ಹಾಗೆ ಇದೂ ಒಂದು ಕೆಲಸ.

ನಿನಗೆ ಈಗ ರೆಕಾರ್ಡ್ ಆಫೀಸಿನ ದಾರಿ ಇದೆ. ಅವರು ಯಾವ ರೆಜಿಮೆಂಟಿನವರೋ ಅದರ ದಾಖಲೆ ಕಚೇರಿ. ಮರಾಠಾ ಲೈಟ್ ಇನ್‌ಫೆಂಟ್ರಿಯಾದರೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪ್ ಆದರೆ ಬೆಂಗಳೂರು. ನೇರವಾಗಿ ಹೋಗುವ ಮುಂಚೆ ಹಾಸನದ ಸೈನಿಕ ಕಲ್ಯಾಣ ಕಚೇರಿಗೆ ಹೋಗು, ಅವರ ಮೂಲಕವೇ ಕಳಿಸು. ಎರಡು ಹೆಸರೂ ಒಬ್ಬಳದೇ ಅಂತ ನೋಟರಿ ಮಾಡಿಸಿದ ಪ್ರಮಾಣಪತ್ರ, ಆಧಾರ್, ಅಂಕಪಟ್ಟಿ, ಮದುವೆಯ ದಾಖಲೆ ಜೊತೆಗಿರಲಿ. ಪಿಪಿಒ, ಅಂದರೆ ಪೆನ್ಶನ್ ಪಾವತಿ ಆದೇಶದಲ್ಲೂ ಹೆಸರು ತಿದ್ದಬೇಕು. ಅದಕ್ಕೆ ಕೊರಿಜೆಂಡಮ್ ಪಿಪಿಒ ಅಂತಾರೆ, ಆ ಪದ ಹೇಳಿಯೇ ಕೇಳು. ಎಲ್ಲದರ ಮೂರು ಪ್ರತಿ ಮಾಡಿಸು. ಒರಿಜಿನಲ್ ಯಾರ ಕೈಗೂ ಬಿಟ್ಟು ಬರಬೇಡ.

ವಯಸ್ಸಿನ ಚಿಂತೆ ಬೇಡ. ರಾಜ್ಯದ ಹುದ್ದೆಗಳಲ್ಲಿ ವಿಧವೆಯರಿಗೆ ವಯೋಮಿತಿಯಲ್ಲಿ 10 ವರ್ಷ ಸಡಿಲಿಕೆ ಇದೆ. ಪಿಯುಸಿ ಇದೆಯಲ್ಲ, ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಅದು ಸಾಕು. ಹೆಸರು ತಿದ್ದುವ ಕಾಗದ ಓಡಾಡುತ್ತಿರುವಾಗಲೇ ಓದಲು ಶುರು ಮಾಡು. ನಾನು ಅಡುಗೆಮನೆಯ ಗೋಡೆಗೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಂಟಿಸಿಕೊಂಡು, ರೊಟ್ಟಿ ತಟ್ಟುತ್ತಾ ಓದಿದ್ದು.

ಕಚೇರಿಗೆ ಒಬ್ಬಳೇ ಹೋಗಬೇಡ. ನಿಮ್ಮ ಅತ್ತೆಯನ್ನೋ ಅಣ್ಣನನ್ನೋ ಕರೆದುಕೊಂಡು ಹೋಗು. ಯಾರೂ ಬರದಿದ್ದರೆ ಪತ್ರಿಕೆಯ ವಿಳಾಸಕ್ಕೆ ಎರಡು ಸಾಲು ಬರೆ. ಹಾಸನ ನನಗೆ ದೂರವಲ್ಲ, ಬೆಳಗಿನ ಬಸ್ಸಿಗೆ ಬರುತ್ತೇನೆ.